ಬಂದಿಯ ದುಡಿಮೆಗೆ ಗೋಡೆಯೇ ಎಲ್ಲೆಯೆ?

ಸೆರೆಮನೆಯು ಮನುಷ್ಯನನ್ನು ತಿದ್ದುವ ಸ್ಥಾನವೆಂದು ಸರಕಾರವು ಸಾರುತ್ತಿರುವುದಷ್ಟೆ. ತಿದ್ದುವುದೇ ಉದ್ದೇಶವಾದಲ್ಲಿ, ಬಿಡುಗಡೆಗೆ ಮುನ್ನ ಬಂದಿಯು ಹೊರಗಿನವರ ನಡುವೆ ದುಡಿದು, ಕೂಲಿ ಪಡೆದು, ಸಂಜೆಗೆ ಮರಳಿ ಬರುವ ಅಭ್ಯಾಸವು ಬೇಡವೆ? ಆ ದಾರಿಯನ್ನು ನಮ್ಮ ಕಾನೂನು ಬಹುಮಟ್ಟಿಗೆ ಮುಚ್ಚಿಟ್ಟಿದೆಯೆಂಬುದೇ ನನ್ನ ಆಕ್ಷೇಪ.

ಕಠಿಣಶಿಕ್ಷೆಯವನು ದುಡಿಯಲೇಬೇಕು, ಆದರೆ ಬಹುತೇಕ ಗೋಡೆಯೊಳಗೆ. ಪೆರೋಲೆಂಬುದು ತಾಯಿಯ ಕಾಯಿಲೆಗೋ ಮಗಳ ಮದುವೆಗೋ ದೊರೆಯುವ ಅನುಗ್ರಹ, ಹಕ್ಕಲ್ಲ. ಬಯಲು ಬಂದೀಖಾನೆಯೆಂದರೆ ದೇವನಹಳ್ಳಿಯ ಬಳಿಯ ಕೋರಮಂಗಲದ ಹೆಸರೊಂದೇ ನಾಲಗೆಗೆ ಬರುತ್ತದೆ. ಬೆಂಗಳೂರಿನ ಬಂದಿಯೊಬ್ಬನ ಪತ್ರವನ್ನೇ ಅರ್ಜಿಯಾಗಿ ಸ್ವೀಕರಿಸಿ ಸುಪ್ರೀಂ ಕೋರ್ಟು 1996ರಲ್ಲಿ ತೀರ್ಪಿತ್ತು ಎಣಿಸಿದ ಒಂಬತ್ತು ಸಮಸ್ಯೆಗಳಲ್ಲಿ ಬಯಲು ಬಂದೀಖಾನೆಗಳ ನಿರ್ವಹಣೆಯೂ ಒಂದು. 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯು ಸಮುದಾಯ ಸೇವೆಯನ್ನು ಶಿಕ್ಷೆಗಳ ಸಾಲಿಗೆ ಸೇರಿಸಿತು, ನಿಜ. ಅದಾದರೂ 5,000 ರೂಪಾಯಿಗಿಂತ ಕಡಮೆ ಬೆಲೆಯ ಮೊದಲ ಕಳವು, ಕುಡಿದು ಬೀದಿಯಲ್ಲಿ ಮಾಡಿದ ರಂಪ ಮೊದಲಾದ ಸಣ್ಣ ತಪ್ಪುಗಳಿಗೆ ಮಾತ್ರ, ಅದೂ ಕೂಲಿಯಿಲ್ಲದೆ.

ಪೂರ್ವಪಕ್ಷವನ್ನು ಕೇಳೋಣ. "ಹೊರಗೆ ಬಿಟ್ಟರೆ ಓಡಿಹೋಗುವನು" ಎನ್ನುವರು. ಪೆರೋಲಿನ ಮೇಲೆ ಹಗಲಿರುಳೂ ಊರಿನಲ್ಲಿರಲು ನಂಬಿ ಬಿಟ್ಟವನನ್ನು ಹಗಲಿನ ದುಡಿಮೆಗೆ ಮಾತ್ರ ನಂಬಲಾಗದೆಂಬುದು ಯಾವ ತರ್ಕ? "ನೊಂದವರ ಗತಿಯೇನು?" ಎನ್ನುವರು. ಬಂದಿಯ ದುಡಿಮೆಗೆ ನ್ಯಾಯವಾದ ಕೂಲಿ ಸಲ್ಲಬೇಕೆಂದೂ, ಅದರಲ್ಲೊಂದಂಶವು ನೊಂದವರಿಗೆ ಸೇರುವಂತೆ ಕಾನೂನಾಗಬೇಕೆಂದೂ ಸುಪ್ರೀಂ ಕೋರ್ಟು 1998ರಲ್ಲಿಯೇ ಹೇಳಿತು. ಗಳಿಕೆ ಹೆಚ್ಚಿದಷ್ಟೂ ಆ ಅಂಶವೂ ಹೆಚ್ಚುವುದು. "ಬಡ ಕೂಲಿಕಾರರ ಅನ್ನಕ್ಕೆ ಕುತ್ತು" ಎಂಬವರಿಗೆ ಉತ್ತರವಿಷ್ಟೆ: ಹೊರಗಿನವನ ಕೂಲಿಯನ್ನೇ ಬಂದಿಗೂ ಕೊಟ್ಟರೆ ಅಗ್ಗದ ಆಳೆಂಬ ಮಾತೇ ಏಳದು.

ಇದು ಪರದೇಶದಿಂದ ತಂದ ಹೊಸ ಮಾತೆಂದು ಯಾರೂ ತಿಳಿಯಬೇಕಾಗಿಲ್ಲ. ಕೌಟಿಲ್ಯನು ಬಂದಿಗಳ ಬಿಡುಗಡೆಯ ಮಾರ್ಗಗಳಲ್ಲಿ ಅವರ ಕೆಲಸವನ್ನೂ ಎಣಿಸಿದ್ದಾನೆ. ನಮ್ಮ ನಾಡಿನ ಕಲ್ಯಾಣದಲ್ಲಿ ವಿಜ್ಞಾನೇಶ್ವರನು ಮಿತಾಕ್ಷರೆಯನ್ನು ಬರೆದ ಯಾಜ್ಞವಲ್ಕ್ಯಸ್ಮೃತಿಯು ದಂಡವನ್ನು ಹೇಳುವ ವ್ಯವಹಾರಾಧ್ಯಾಯಕ್ಕೇ ನಿಲ್ಲದೆ ಪ್ರಾಯಶ್ಚಿತ್ತಾಧ್ಯಾಯದಲ್ಲಿ ಮುಗಿಯುತ್ತದೆ. ದಂಡವು ತಪ್ಪನ್ನು ಅಳೆಯುತ್ತದೆ. ಪ್ರಾಯಶ್ಚಿತ್ತವು ಮನುಷ್ಯನನ್ನು ಜನರ ನಡುವೆ ಮರಳಿ ಸೇರಿಸುತ್ತದೆ.

ಹೊಳಲ್ಕೆರೆಯ ಅಡಕೆ ತೋಟಗಳಲ್ಲಿ, ಹೊಸದುರ್ಗದ ತೆಂಗಿನ ತೋಪುಗಳಲ್ಲಿ, ಹಿರಿಯೂರಿನ ವಾಣೀವಿಲಾಸ ಸಾಗರದ ಕಾಲುವೆಗಳಲ್ಲಿ, ದುರ್ಗದ ಸೀಮೆಯ ಕೆರೆಗಳಲ್ಲಿ ಕೆಲಸಕ್ಕೆ ಕೊರತೆಯೆ? ಶಿಕ್ಷೆಯ ಬಹುಭಾಗವನ್ನು ಕಳೆದ ಸನ್ನಡತೆಯ ಬಂದಿಯು ತಾನೊಪ್ಪಿದರೆ, ತನ್ನ ಜಿಲ್ಲೆಯಲ್ಲಿಯೇ ಹಗಲು ದುಡಿದು ರಾತ್ರಿ ಸೆರೆಗೆ ಮರಳುವ ಹಕ್ಕನ್ನು 1963ರ ಕರ್ನಾಟಕ ಕಾರಾಗೃಹ ಕಾಯಿದೆಯಲ್ಲಿಯೇ ಬರೆಯತಕ್ಕದ್ದು; ನಿರಾಕರಿಸುವ ಅಧಿಕಾರಿಯು ಕಾರಣವನ್ನು ಲಿಖಿತವಾಗಿ ಕೊಡತಕ್ಕದ್ದು. ಹತ್ತು ವರ್ಷ ಗೋಡೆಯನ್ನೇ ನೋಡಿದವನನ್ನು ಒಂದು ಬೆಳಗ್ಗೆ ಬರಿಗೈಯಲ್ಲಿ ಬಸ್ಸು ಹತ್ತಿಸಿ, ಆಮೇಲೆ ಅವನು ಎಡವಿದನೆಂದು ದೂರುವುದು ಧರ್ಮವಲ್ಲ.