ಗಾಯ ಸೈನಿಕನದು, ರುಜುವಾತಿನ ಹೊಣೆ ಯಾರದು?

ಕೊರಿಯಾ ಯುದ್ಧದಲ್ಲಿ 1951ರಲ್ಲಿ ಶತ್ರುವಿನ ಮಾರ್ಟರ್ ಗುಂಡು ಸಿಡಿದು, ಅದರ ಚೂರು ತೊಡೆಯನ್ನು ಹೊಕ್ಕು, ಹೊರತೆಗೆಯುವುದೇ ಅಪಾಯವೆನ್ನುವಷ್ಟು ನರಕ್ಕೆ ಸಮೀಪವಾಗಿ ಅಲ್ಲಿಯೇ ನೆಲೆನಿಂತು, ಏಳು ದಶಕಗಳ ಕಾಲ ನೋಯಿಸುತ್ತಿದ್ದರೂ, ಆ ಗಾಯಕ್ಕೆ ತಕ್ಕ ಕಾಗದವಿಲ್ಲವೆಂಬ ಕಾರಣದಿಂದ ಅಮೆರಿಕದ ಮಿನೆಸೊಟ ರಾಜ್ಯದ ಮಾಜಿ ಸೈನಿಕರೊಬ್ಬರಿಗೆ ಅವರ ದೇಶದ ಸೇನೆಯು ‘ಪರ್ಪಲ್ ಹಾರ್ಟ್’ ಪದಕವನ್ನು ನಿರಾಕರಿಸುತ್ತ ಬಂದಿತು. ಮನವಿಗಳು ವ್ಯರ್ಥವಾದ ಮೇಲೆ ಆ ವೃದ್ಧರು ತಾವು ಸೇವೆಗೈದ ಸೇನೆಯ ಮೇಲೆಯೇ ದಾವೆ ಹೂಡಬೇಕಾಯಿತು. 2024ರಲ್ಲಿ, ಅವರ 96ನೆಯ ವಯಸ್ಸಿನಲ್ಲಿ, ಗಾಯವಾಗಿ 73 ವರ್ಷಗಳು ಕಳೆದ ಬಳಿಕ, ಪದಕ ಬಂದಿತು. ಪತ್ರಿಕೆಗಳು ಇದನ್ನು ಮಂಗಳಾಂತವಾದ ಕಥೆಯೆಂದು ವರ್ಣಿಸಿದುವು. ಆದರೆ ಮಂಗಳವನ್ನು ಹಾಡುವ ಮೊದಲು ಕೇಳಲೇಬೇಕಾದ ಪ್ರಶ್ನೆಯೊಂದಿದೆ: ಯುದ್ಧವನ್ನು ಹೂಡಿದುದು ಸರ್ಕಾರ, ದಫ್ತರವನ್ನು ಇಟ್ಟುದು ಸರ್ಕಾರ, ಹೀಗಿರಲು ಆ ದಫ್ತರದ ಲೋಪದ ಶಿಕ್ಷೆಯನ್ನು ಗಾಯಾಳು ಅನುಭವಿಸುವುದು ಯಾವ ನ್ಯಾಯ?

ಈ ಪದಕದ ಸ್ವರೂಪವನ್ನು ಅರಿತರೆ ಅನ್ಯಾಯದ ಆಳವೂ ತಿಳಿದೀತು. 1782ರ ಆಗಸ್ಟ್ 7ರಂದು ನ್ಯೂಬರ್ಗ್ ಶಿಬಿರದಲ್ಲಿ ಸೇನಾಪತಿ ಜಾರ್ಜ್ ವಾಷಿಂಗ್ಟನ್ ಸಾಮಾನ್ಯ ಸಿಪಾಯಿಗಳ ಸದ್ಗುಣವನ್ನು ಗೌರವಿಸಲೆಂದು ನೇರಿಳೆ ಬಟ್ಟೆಯ ಹೃದಯಾಕಾರದ ಲಾಂಛನವೊಂದನ್ನು ಸ್ಥಾಪಿಸಿದನು. ಬಹುಕಾಲ ವಿಸ್ಮೃತವಾಗಿದ್ದ ಅದನ್ನು 1932ರಲ್ಲಿ, ವಾಷಿಂಗ್ಟನ್ನನ ಇನ್ನೂರನೆಯ ಜನ್ಮದಿನದಂದು, ಅಂದಿನ ಸೇನಾಮುಖ್ಯಸ್ಥ ಡಗ್ಲಾಸ್ ಮೆಕಾರ್ಥರ್ ಪುನರುಜ್ಜೀವನಗೊಳಿಸಿದನು. ಎರಡನೆಯ ಮಹಾಯುದ್ಧದ ಕಾಲದಿಂದ ಈಚೆಗೆ ಇದು ಶತ್ರುವಿನ ಕೈಯಿಂದ ಗಾಯಗೊಂಡವರಿಗೂ ಮಡಿದವರಿಗೂ ಮೀಸಲಾದ ಪದಕ. ಇತರ ಶೌರ್ಯಪದಕಗಳಿಗೆ ಮೇಲಧಿಕಾರಿಯ ಶಿಫಾರಸು ಬೇಕು. ಇದಕ್ಕೆ ಯಾರ ಕೃಪೆಯೂ ಬೇಡ, ಷರತ್ತುಗಳನ್ನು ಪೂರೈಸಿದವನು ಇದಕ್ಕೆ ಹಕ್ಕುದಾರನೆಂದು ಸೇನೆಯ ನಿಯಮವೇ ಸಾರುತ್ತದೆ. ಪದಕವೆಂದರೆ ಬರಿಯ ಲೋಹದ ತುಣುಕೆಂದು ಹಗುರವಾಗಿ ನುಡಿಯುವವರು ಇನ್ನೊಂದು ಸಂಗತಿಯನ್ನೂ ಗಮನಿಸತಕ್ಕದ್ದು: ಮಾಜಿ ಸೈನಿಕರ ಆಸ್ಪತ್ರೆಗಳಲ್ಲಿ ಇದನ್ನು ಪಡೆದವರಿಗೆ ಚಿಕಿತ್ಸೆಯಲ್ಲಿ ವಿಶೇಷ ಆದ್ಯತೆಯುಂಟು, ವಿದ್ಯಾಭ್ಯಾಸದ ನೆರವಿನಲ್ಲಿಯೂ ಅನುಕೂಲವುಂಟು.

ಆದರೆ ಹಕ್ಕೆಂದು ಘೋಷಿಸಿದ ನಿಯಮವೇ ಮರುವಾಕ್ಯದಲ್ಲಿ ಅದನ್ನು ಕಟ್ಟಿಹಾಕುತ್ತದೆ. ಗಾಯಕ್ಕೆ ವೈದ್ಯಾಧಿಕಾರಿಯ ಚಿಕಿತ್ಸೆ ಅಗತ್ಯವಾಗಿದ್ದರೆ ಸಾಲದು, ಆ ಚಿಕಿತ್ಸೆಯು ಅಧಿಕೃತ ದಾಖಲೆಯಲ್ಲಿ ನಮೂದಾಗಿರಬೇಕು. ಗುಂಡಿನ ಸುರಿಮಳೆಯ ನಡುವೆ ಕಾಲಿಗೆ ಪಟ್ಟಿ ಕಟ್ಟಿದ ಶುಶ್ರೂಷಕನು ಅದನ್ನು ನಮೂದಿಸುವ ಮುನ್ನವೇ ಹತನಾದರೆ ಏನು ಗತಿ? ಮಿನೆಸೊಟದ ವೃದ್ಧರ ವಿಷಯದಲ್ಲಿ ಆದುದು ಇದೇ ಎಂದು ಅವರು ನಂಬಿದ್ದರು. ಇನ್ನು, ಬರೆದಿಟ್ಟ ದಾಖಲೆಯೇ ಬೂದಿಯಾದರೆ?

ಅದೂ ಆಗಿದೆ. 1973ರ ಜುಲೈ 12ರಂದು ಸೇಂಟ್ ಲೂಯಿ ನಗರದ ಬಳಿ ಸೈನಿಕರ ಸೇವಾದಾಖಲೆಗಳನ್ನು ಇರಿಸಿದ್ದ ಸರ್ಕಾರಿ ಪತ್ರಾಗಾರದ ಆರನೆಯ ಮಹಡಿಗೆ ಬೆಂಕಿ ಬಿದ್ದು, ದಿನಗಟ್ಟಲೆ ಉರಿದು, 160ರಿಂದ 180 ಲಕ್ಷ ಕಡತಗಳು ನಾಶವಾದುವು. 1912ರ ನವೆಂಬರಿನಿಂದ 1960ರ ಆರಂಭದವರೆಗೆ ಸೇವೆಯಿಂದ ಬಿಡುಗಡೆಯಾದ ಭೂಸೈನಿಕರ ದಾಖಲೆಗಳಲ್ಲಿ ಶೇಕಡ 80ರಷ್ಟು ಹೋದುವೆಂದು ಅಂದಾಜು. ಎಂದರೆ ಎರಡು ಮಹಾಯುದ್ಧಗಳ ಮತ್ತು ಕೊರಿಯಾ ಯುದ್ಧದ ಪೀಳಿಗೆಗಳು ಬಹುಮಟ್ಟಿಗೆ ಕಾಗದರಹಿತವಾದುವು. ಆ ಮಹಡಿಯಲ್ಲಿ ಬೆಂಕಿಯನ್ನು ನಂದಿಸುವ ನೀರಿನ ಸ್ವಯಂಚಾಲಿತ ಏರ್ಪಾಡು ಇರಲಿಲ್ಲ. ಕಡತಗಳಿಗೆ ಪ್ರತಿಯಿರಲಿಲ್ಲ, ಸೂಕ್ಷ್ಮಚಿತ್ರವಿರಲಿಲ್ಲ, ಸೂಚಿಯೂ ಇರಲಿಲ್ಲ. ಅಂಚು ಕರಕಾಗಿ, ಅಗ್ನಿಶಾಮಕರ ನೀರಿನಲ್ಲಿ ನೆನೆದು ಬೂಷ್ಟು ಹಿಡಿಯತೊಡಗಿದ್ದ ಕಟ್ಟುಗಳನ್ನು ಬಾಹ್ಯಾಕಾಶ ಯಂತ್ರಗಳ ಪರೀಕ್ಷೆಗೆಂದು ಕಟ್ಟಿದ್ದ ನಿರ್ವಾತಕೋಷ್ಠದಲ್ಲಿಟ್ಟು ಒಣಗಿಸಿದರು. ಕಾಗದವನ್ನು ಉಳಿಸಲು ಅಷ್ಟು ಶ್ರಮಿಸಿದ ರಾಜ್ಯವು, ಕಾಗದ ಕಳೆದುಕೊಂಡ ಮನುಷ್ಯನಿಗೆ ಅದರ ಅರ್ಧದಷ್ಟು ಸಹನೆಯನ್ನಾದರೂ ತೋರಿತೆ? ತೋರಲಿಲ್ಲ. ಸಾಕ್ಷ್ಯ ಸಾಲದೆಂಬ ಉತ್ತರವೇ ಮತ್ತೆಮತ್ತೆ ಬಂದಿತು. ಬಾಡಿಗೆ ಉಗ್ರಾಣದಲ್ಲಿ ರೈತನ ಧಾನ್ಯ ಸುಟ್ಟುಹೋದ ಮೇಲೆ, ನೀನು ತಂದಿಟ್ಟುದಕ್ಕೆ ರಸೀದಿ ತೋರಿಸೆಂದು ಉಗ್ರಾಣದ ಒಡೆಯನು ರೈತನನ್ನೇ ಗದರಿಸಿದಂತಾಯಿತು ಈ ವ್ಯವಹಾರ.

ಇದರಲ್ಲಿಯ ವಿಪರ್ಯಾಸವೆಂದರೆ, ಅದೇ ಸರ್ಕಾರದ ಇನ್ನೊಂದು ಇಲಾಖೆ ಇದಕ್ಕೆ ವಿರುದ್ಧವಾದ ನೀತಿಯನ್ನು ಅನುಸರಿಸುತ್ತಿರುವುದು. ಮಾಜಿ ಸೈನಿಕರ ಅಂಗವೈಕಲ್ಯ ಪರಿಹಾರವನ್ನು ಕುರಿತ ಅಮೆರಿಕದ ಕಾನೂನು, ಸಾಕ್ಷ್ಯವು ಎರಡು ಕಡೆಯೂ ಸಮತೂಕವಾಗಿದ್ದರೆ ಸಂಶಯದ ಲಾಭವು ಅರ್ಜಿದಾರನಿಗೆ ಸಲ್ಲಬೇಕೆನ್ನುತ್ತದೆ. ರಣರಂಗದಲ್ಲಿ ಹೋರಾಡಿದವನು ತನ್ನ ಗಾಯದ ವಿಷಯವಾಗಿ ಹೇಳುವ ಮಾತು ಅಲ್ಲಿನ ಪರಿಸ್ಥಿತಿಗೆ ಹೊಂದಿಕೆಯಾಗಿದ್ದರೆ, ಅಧಿಕೃತ ದಾಖಲೆ ಇಲ್ಲದಿದ್ದರೂ ಅದನ್ನು ಒಪ್ಪಬಹುದೆನ್ನುತ್ತದೆ. ಮಿನೆಸೊಟದ ವೃದ್ಧರ ಗಾಯವು ಯುದ್ಧದಲ್ಲಿಯೇ ಆಗಿರುವ ಸಂಭವವಿದೆಯೆಂದು ಸರ್ಕಾರಿ ಆಸ್ಪತ್ರೆಯ ವೈದ್ಯರು 2005ರಷ್ಟು ಹಿಂದೆಯೇ ಒಪ್ಪಿದ್ದರು. ಒಂದೇ ದೇಹ, ಒಂದೇ ಚೂರು, ಒಂದೇ ಸರ್ಕಾರ. ಒಂದು ಬಾಗಿಲಲ್ಲಿ ನಂಬಿಕೆ, ಇನ್ನೊಂದು ಬಾಗಿಲಲ್ಲಿ ಅವಿಶ್ವಾಸ!

ಪ್ರತಿಪಕ್ಷದವರ ವಾದವನ್ನೂ ಆಲಿಸೋಣ. ಸುಳ್ಳು ಹೇಳಿ ಪದಕ ಧರಿಸುವವರಿದ್ದಾರೆ, ಬಾಗಿಲನ್ನು ಸಡಿಲಗೊಳಿಸಿದರೆ ನಿಜವಾದ ಗಾಯಾಳುಗಳ ಗೌರವಕ್ಕೇ ಕುಂದು ಬರುತ್ತದೆ ಎನ್ನುತ್ತಾರೆ ಅವರು. ವಂಚಕರಿರುವುದು ನಿಜ, ಅವರನ್ನು ದಂಡಿಸಲು ಅಮೆರಿಕದ ಶಾಸನಸಭೆ 2006ರಲ್ಲಿಯೂ, ಅದು ಸುಪ್ರೀಂ ಕೋರ್ಟಿನಲ್ಲಿ ಬಿದ್ದುಹೋದ ಬಳಿಕ 2013ರಲ್ಲಿಯೂ ಕಾನೂನು ಮಾಡಿತು. ಆದರೆ ಸಂಶಯವೇ ಸದಾಚಾರವೆಂದು ಭಾವಿಸತೊಡಗಿದರೆ ಅದು ಎಲ್ಲಿಗೆ ಒಯ್ಯುತ್ತದೆಂಬುದಕ್ಕೆ ಅಮೆರಿಕದ 2004ರ ಅಧ್ಯಕ್ಷ ಚುನಾವಣೆಯೇ ನಿದರ್ಶನ. ವಿಯೆಟ್ನಾಮಿನಲ್ಲಿ ಮೂರು ಪರ್ಪಲ್ ಹಾರ್ಟ್‌ಗಳನ್ನು ಗಳಿಸಿದ್ದ ಅಭ್ಯರ್ಥಿ ಜಾನ್ ಕೆರಿಯನ್ನು ಅಣಕಿಸಲೆಂದು, ಎದುರುಪಕ್ಷದ ಮಹಾಸಮ್ಮೇಳನದಲ್ಲಿ ಕೆಲವು ಪ್ರತಿನಿಧಿಗಳು ನೇರಿಳೆ ಹೃದಯದ ಚಿತ್ರವಿದ್ದ ಗಾಯದ ಪಟ್ಟಿಗಳನ್ನು ಅಂಟಿಸಿಕೊಂಡು ಕುಳಿತರು. ಪದಕದ ಗೌರವಕ್ಕೆ ಅಂದು ಬಂದ ಕುಂದು ಯಾವ ಸುಳ್ಳು ಅರ್ಜಿದಾರನಿಂದಲೂ ಬಂದುದಲ್ಲ.

ಹಳೆಯ ಕಾಲದ ಅವ್ಯವಸ್ಥೆಯಿದು, ಗಣಕಯಂತ್ರಗಳ ಈ ಕಾಲದಲ್ಲಿ ಹೀಗಾಗದು ಎಂದು ಸಮಾಧಾನಪಡುವವರೂ ಉಂಟು. ಅವರು 2020ರ ಜನವರಿಯಲ್ಲಿ ಇರಾನ್ ದೇಶವು ಇರಾಕಿನ ಅಲ್ ಅಸದ್ ನೆಲೆಯ ಮೇಲೆ ಎಸೆದ ಕ್ಷಿಪಣಿಗಳನ್ನು ನೆನೆಯಲಿ. ಯಾರೂ ಸಾಯಲಿಲ್ಲ, ಆದರೆ ಸ್ಫೋಟದ ಆಘಾತದಿಂದ ನೂರಕ್ಕೂ ಮಿಕ್ಕ ಸೈನಿಕರ ಮಿದುಳಿಗೆ ಪೆಟ್ಟಾಗಿತ್ತು. ಅಂದಿನ ಅಧ್ಯಕ್ಷ ಟ್ರಂಪ್ ಅದನ್ನು ತಲೆನೋವೆಂದು ತಳ್ಳಿಹಾಕಿದರು. ಮೊದಲು 29 ಮಂದಿಗೆ ಮಾತ್ರ ಪದಕ ದೊರೆಯಿತು. ಅರ್ಹರನ್ನು ಕಡೆಗಣಿಸಿರುವುದು ಪತ್ರಕರ್ತರ ಶೋಧನೆಯಿಂದ ಬಯಲಾದ ಮೇಲೆ, 2021ರ ಡಿಸೆಂಬರಿನಲ್ಲಿ, ಇನ್ನೂ 39 ಮಂದಿಗೆ ಮಂಜೂರಾಯಿತು. ಇಲ್ಲಿ ಬೆಂಕಿ ಬಿದ್ದಿರಲಿಲ್ಲ, ದಾಳಿಯ ದಿನವೂ ಸ್ಥಳವೂ ಜಗತ್ತಿಗೇ ತಿಳಿದಿತ್ತು. ಆದುದರಿಂದ ಕೊರತೆ ಕಾಗದದ್ದೆಂಬ ಮಾತು ಅರ್ಧಸತ್ಯ; ಕೊಡುವ ಮನಸ್ಸಿಲ್ಲದವನಿಗೆ ಕಾಗದವು ಅನುಕೂಲವಾದ ನೆವ.

ವಿವಾದದ ಉಭಯ ಪಕ್ಷದವರೂ ಎರಡು ಭಿನ್ನ ವಿಷಯಗಳನ್ನು ಬೆರೆಸಿಬಿಟ್ಟಿದ್ದಾರೆ. ಯಾವ ಗಾಯ ಪದಕಕ್ಕೆ ಅರ್ಹ ಎಂಬುದು ಒಂದು ಪ್ರಶ್ನೆ. ಹಿಮದಿಂದ ಮರಗಟ್ಟಿದ ಪಾದ ಬೇಡವೆನ್ನಿ, 2009ರಲ್ಲಿ ಪೆಂಟಗನ್ ಪ್ರಕಟಿಸಿದಂತೆ ಯುದ್ಧಾನಂತರದ ಮನೋವೇದನೆಯೂ ಬೇಡವೆನ್ನಿ. ಮಾನದಂಡ ಎಷ್ಟು ಕಠಿನವಾಗಿರಬೇಕೆಂಬ ಚರ್ಚೆಗೆ ಅವಕಾಶವುಂಟು. ಆದರೆ ಮಾನದಂಡಕ್ಕೆ ಒಳಪಟ್ಟ ಗಾಯವೇ ಇದೆಂದು ಸಿದ್ಧಪಡಿಸುವ ಭಾರ ಯಾರದೆಂಬುದು ಬೇರೆ ಪ್ರಶ್ನೆ. ಮೊದಲನೆಯದರಲ್ಲಿ ಕಾಠಿನ್ಯವು ಪದಕದ ಘನತೆಯನ್ನು ಕಾಯುತ್ತದೆ. ಎರಡನೆಯದರಲ್ಲಿ ಅದು ಕಚೇರಿಯ ಪ್ರಮಾದವನ್ನು ಮಾತ್ರ ಕಾಯುತ್ತದೆ. ನಮ್ಮ ಸುಪ್ರೀಂ ಕೋರ್ಟು ಧರ್ಮವೀರ ಸಿಂಗ್ ಪ್ರಕರಣದಲ್ಲಿ 2013ರಷ್ಟು ಹಿಂದೆಯೇ ಈ ವಿವೇಕವನ್ನು ತೋರಿತು: ಸೇನೆಗೆ ಸೇರುವಾಗ ಆರೋಗ್ಯವಂತನೆಂದು ದಾಖಲಾದವನು ವಿಕಲನಾಗಿ ಹೊರಬಂದರೆ, ವೈಕಲ್ಯವು ಸೇವೆಯಿಂದಲೇ ಬಂದುದೆಂದು ಊಹಿಸತಕ್ಕದ್ದು, ಅಲ್ಲವೆಂದು ಸಾಧಿಸುವ ಹೊಣೆ ಸೇನೆಯದು. ಅದು ಪಿಂಚಣಿಯ ಪ್ರಕರಣ, ದಿಟ. ಹೊಣೆಯ ತತ್ತ್ವವಾದರೋ ಪದಕಕ್ಕೂ ಅಷ್ಟೇ ಸಲ್ಲುತ್ತದೆ.

ಆಗಬೇಕಾದುದು ಕಷ್ಟಸಾಧ್ಯವೇನಲ್ಲ. ದಾಖಲೆ ಸರ್ಕಾರದ ವಶದಲ್ಲಿದ್ದಾಗ ನಾಶವಾಗಿದ್ದರೆ, ಇಲ್ಲವೆ ರಣರಂಗದ ಗೊಂದಲದಲ್ಲಿ ಹುಟ್ಟಲೇ ಇಲ್ಲದಿದ್ದರೆ, ಸೈನಿಕನ ಪ್ರಮಾಣವಚನ, ದೇಹದಲ್ಲಿಯ ಗುರುತು, ಇಂದಿನ ವೈದ್ಯರ ಅಭಿಪ್ರಾಯ, ಆತನ ದಳವು ಆ ದಿನ ಆ ಸ್ಥಳದಲ್ಲಿ ಕಾದಿತೆಂಬ ಚರಿತ್ರೆ, ಇವಿಷ್ಟು ಒಂದಕ್ಕೊಂದು ಹೊಂದಿಕೊಂಡಲ್ಲಿ ಪದಕ ಸಲ್ಲತಕ್ಕದ್ದು. ಇಲ್ಲವೆನ್ನುವ ಅಧಿಕಾರಿ ತನ್ನ ಕಾರಣಕ್ಕೆ ತಾನೇ ಆಧಾರ ತೋರಿಸತಕ್ಕದ್ದು. ಇದಕ್ಕೆ ಹೊಸ ಬೊಕ್ಕಸ ಬೇಡ, ಒಂದು ಇಲಾಖೆಯಲ್ಲಿ ಈಗಾಗಲೇ ನಡೆಯುತ್ತಿರುವ ನಿಯಮವನ್ನು ಇನ್ನೊಂದಕ್ಕೆ ವಿಸ್ತರಿಸಿದರೆ ಸಾಕು. ಕೊರಿಯಾದ ಗಾಯಾಳುಗಳಲ್ಲಿ ಇಂದು ಉಳಿದಿರುವವರು ತೊಂಬತ್ತರ ಆಚೀಚೆಯವರು. ಕಡತವನ್ನು ಮುಂದಿನ ವರ್ಷಕ್ಕೆ ಸರಿಸುವ ಅಧಿಕಾರಿ ತಾನು ಬರಿಯ ವಿಳಂಬ ಮಾಡುತ್ತಿದ್ದೇನೆಂದು ಭಾವಿಸಬಹುದು; ಈ ವಯಸ್ಸಿನವರ ಪಾಲಿಗೆ ಅದು ನಿರಾಕರಣೆಯೇ.