ಟೆಲಿವಿಷನ್ ಮುದ್ರಣಕ್ಕೆ ಯಾವ ತಂತ್ರಾಂಶ?

ಮನೆಯ ಕಂಪ್ಯೂಟರನ್ನೇ ಟೆಲಿವಿಷನ್ನಿಗೆ ಜೋಡಿಸಿ, ಬೇಕಾದ ಕಾರ್ಯಕ್ರಮಗಳನ್ನು ಅದರಲ್ಲಿ ಮುದ್ರಿಸಿಟ್ಟುಕೊಂಡು, ಬಿಡುವಾದಾಗ ನೋಡುವ ಹವ್ಯಾಸ ಹಲವು ದೇಶಗಳಲ್ಲಿ ಉಂಟು. ಈ ಕೆಲಸಕ್ಕೆ ಯಾವ ತಂತ್ರಾಂಶ ಒಳ್ಳೆಯದೆಂದು ಕೇಳಿದರೆ, ನೋಟಕ್ಕೆ ಅಂದವಾದುದನ್ನೂ ಅಳವಡಿಕೆಗೆ ಸುಲಭವಾದುದನ್ನೂ ಆರಿಸಿಕೊಳ್ಳಿರಿ ಎಂಬ ಉತ್ತರ ಸಾಮಾನ್ಯವಾಗಿ ದೊರೆಯುತ್ತದೆ. ಈ ಉತ್ತರ ಅರ್ಧ ಮಾತ್ರ ಸರಿಯೆಂಬುದು ನಮ್ಮ ಅಭಿಪ್ರಾಯ. ಅಂದವೂ ಸೌಲಭ್ಯವೂ ಮೊದಲ ವಾರದ ಸುಖಗಳು. ಹತ್ತು ವರ್ಷಗಳ ತರುವಾಯ ಆ ಮುದ್ರಿಕೆ ನಮ್ಮ ಕೈಗೆ ದೊರೆಯುವುದೋ ಇಲ್ಲವೋ ಎಂಬುದು ಬೇರೆಯೇ ಪ್ರಶ್ನೆ. ಮೊದಲು ಕೇಳಬೇಕಾದ ಪ್ರಶ್ನೆಯೂ ಅದೇ.

ಇಂತಹ ಕಂಪ್ಯೂಟರು ಮಾಡುವ ಕೆಲಸವಾದರೂ ಏನು? ಈ ತಂತ್ರಾಂಶಗಳ ಇತಿಹಾಸ ಬಹುಮಟ್ಟಿಗೆ ಅಮೆರಿಕದಲ್ಲಿ ನಡೆದುದಾದ್ದರಿಂದ ಅಲ್ಲಿಯ ಉದಾಹರಣೆಯನ್ನೇ ತೆಗೆದುಕೊಳ್ಳೋಣ. ಹಿಂದೆ ಟೆಲಿವಿಷನ್ ಸಂಜ್ಞೆಯು ಎಡೆಬಿಡದೆ ಏರಿಳಿಯುವ ವಿದ್ಯುತ್ ಅಲೆಯ ರೂಪದಲ್ಲಿ ಬರುತ್ತಿತ್ತು. ಕಂಪ್ಯೂಟರು ಆ ಏರಿಳಿತವನ್ನು ಸೆಕೆಂಡಿಗೆ ಲಕ್ಷಾಂತರ ಬಾರಿ ಅಳೆದು, ಅಂಕಿಗಳಾಗಿ ಮಾರ್ಪಡಿಸಿ, ಆ ಅಂಕಿಗಳ ರಾಶಿಯನ್ನು ಕುಗ್ಗಿಸಿ ಇಡಬೇಕಾಗಿತ್ತು. 2009ರ ಜೂನ್ 12ರಂದು ಅಮೆರಿಕದ ಪೂರ್ಣಶಕ್ತಿಯ ನಿಲ್ದಾಣಗಳು ಹಳೆಯ ರೀತಿಯ ಪ್ರಸಾರವನ್ನು ನಿಲ್ಲಿಸಿದುವು. ಈಗ ಅಂಕಿಗಳಾಗಿ ಕುಗ್ಗಿಸುವ ಕೆಲಸವೆಲ್ಲ ನಿಲ್ದಾಣದಲ್ಲಿಯೇ ಮುಗಿದಿರುತ್ತದೆ. 6 ಮೆಗಾಹರ್ಟ್ಸ್ ಅಗಲದ ಒಂದು ಚಾನೆಲಿನಲ್ಲಿ ಸೆಕೆಂಡಿಗೆ ಸುಮಾರು 19.39 ಮೆಗಾಬಿಟ್ ಹರಿದು ಬರುತ್ತವೆ. ಅದನ್ನು 3,600 ಸೆಕೆಂಡುಗಳಿಂದ ಗುಣಿಸಿ 8ರಿಂದ ಭಾಗಿಸಿದರೆ, ಗಂಟೆಯೊಂದಕ್ಕೆ ಹೆಚ್ಚೆಂದರೆ 8.7 ಗಿಗಾಬೈಟ್. ಸಾವಿರ ಗಿಗಾಬೈಟಿನ ಒಂದು ಡಿಸ್ಕಿನಲ್ಲಿ ಕಡಮೆಯೆಂದರೂ ನೂರಕ್ಕೂ ಮಿಕ್ಕ ಗಂಟೆಗಳ ಕಾರ್ಯಕ್ರಮ ಹಿಡಿಸುತ್ತದೆ. ಆಂಟೆನಾದಿಂದ ಬಂದ ಸಂಜ್ಞೆಯನ್ನು ಟ್ಯೂನರ್ ಆರಿಸಿಕೊಟ್ಟರೆ, ಬಂದ ಅಂಕಿಗಳನ್ನು ಬಂದಂತೆಯೇ ಡಿಸ್ಕಿನ ಮೇಲೆ ಬರೆದಿಡುವುದಷ್ಟೇ ತಂತ್ರಾಂಶದ ಪಾಲಿನ ಕೆಲಸ.

ಕೆಲಸ ಇಷ್ಟು ಸರಳವಾದರೆ ತಂತ್ರಾಂಶಗಳಲ್ಲಿ ಭೇದವೆಲ್ಲಿಂದ ಬಂದಿತು? ಬರೆದಿಟ್ಟ ಕಡತ ಯಾವ ರೂಪದಲ್ಲಿದೆ, ಯಾವ ಕಾರ್ಯಕ್ರಮ ಯಾವ ಹೊತ್ತಿಗೆಂಬ ಸೂಚಿ ಎಲ್ಲಿಂದ ಬರುತ್ತದೆ, ತಯಾರಿಸಿದವರು ಕೈಬಿಟ್ಟರೆ ಮುಂದೆ ನಡೆಸುವವರು ಯಾರು, ಈ ಮೂರು ವಿಷಯಗಳಲ್ಲಿಯೇ ಅವು ಒಂದರಿಂದೊಂದು ಬೇರೆಯಾಗುತ್ತವೆ.

ಮೊದಲು ಕಡತದ ಮಾತು. ಮೈಕ್ರೋಸಾಫ್ಟ್ ಸಂಸ್ಥೆಯು 2002ರಲ್ಲಿ ವಿಂಡೋಸ್ ಮೀಡಿಯಾ ಸೆಂಟರ್ ಎಂಬುದನ್ನು ಹೊರತಂದಿತು. ಕುರ್ಚಿಯಲ್ಲಿ ಕುಳಿತು ರಿಮೋಟಿನಿಂದಲೇ ನಡೆಸಬಹುದಾದ, ನಿಜಕ್ಕೂ ಸೊಗಸಾದ ತಂತ್ರಾಂಶವದು. ಮನೆಮಂದಿಯೆಲ್ಲ ಕಲಿಸದೆಯೇ ಬಳಸುವಂತಹುದು. ಆದರೆ ಕೇಬಲ್ ಸಂಸ್ಥೆಯು ಒಂದು ಕಾರ್ಯಕ್ರಮಕ್ಕೆ ‘ಒಂದೇ ಪ್ರತಿ’ ಎಂಬ ಗುರುತನ್ನು ಹಚ್ಚಿದ್ದರೆ, ಅದರ ಮುದ್ರಿಕೆ ಮುದ್ರಿಸಿದ ಆ ಕಂಪ್ಯೂಟರಿಗೇ ಕಟ್ಟುಬೀಳುತ್ತಿತ್ತು. ಕಡತವನ್ನು ಬೇರೊಂದು ಕಂಪ್ಯೂಟರಿಗೆ ನಕಲು ಮಾಡಿದರೆ ಅಂಕಿಗಳೆಲ್ಲ ಅಲ್ಲಿಗೂ ಹೋಗುವುವು, ಚಿತ್ರ ಮಾತ್ರ ಮೂಡದು. ಮುಂದೆ 2015ರಲ್ಲಿ ಬಂದ ವಿಂಡೋಸ್ 10ರಲ್ಲಿ ಮೀಡಿಯಾ ಸೆಂಟರಿಗೆ ಎಡೆಯೇ ಇರಲಿಲ್ಲ. ಕಟ್ಟುಬಿದ್ದ ಮುದ್ರಿಕೆಗಳನ್ನು ನೋಡಬಯಸಿದವರು ಹಳೆಯ ಯಂತ್ರವನ್ನು ಹಾಗೆಯೇ ಕಾಪಾಡಿಕೊಳ್ಳಬೇಕಾಯಿತು. ಇದಕ್ಕೆ ಪ್ರತಿಯಾಗಿ, ಅದೇ 2002ರಲ್ಲಿ ಐಸಾಕ್ ರಿಚರ್ಡ್ಸ್ ಎಂಬವರು ಲಿನಕ್ಸ್ ಕಂಪ್ಯೂಟರಿಗೆಂದು ಆರಂಭಿಸಿದ ಮಿಥ್‌ಟಿವಿ, ಆಂಟೆನಾದಿಂದ ಬಂದುದನ್ನು ಯಾವ ಬೀಗವನ್ನೂ ಹಾಕದೆ ಬರೆದಿಡುತ್ತದೆ. ಮಿಥ್‌ಟಿವಿಯೇ ನಾಳೆ ಇಲ್ಲವಾದರೂ ಆ ಕಡತವನ್ನು ವಿಎಲ್‌ಸಿಯಂತಹ ಬೇರೊಂದು ತಂತ್ರಾಂಶದಲ್ಲಿ ತೆರೆದು ನೋಡಬಹುದು.

ಎರಡನೆಯದು ಸೂಚಿ. ‘ಈ ಧಾರಾವಾಹಿಯ ಎಲ್ಲ ಕಂತುಗಳನ್ನೂ ಮುದ್ರಿಸು’ ಎಂದು ಆಜ್ಞಾಪಿಸಿದರೆ, ಯಾವ ಕಂತು ಎಂದು, ಯಾವ ಚಾನೆಲಿನಲ್ಲಿ ಎಂಬುದು ಯಂತ್ರಕ್ಕೆ ತಿಳಿದಿರಬೇಕಷ್ಟೆ. ಪ್ರಸಾರದ ಸಂಜ್ಞೆಯಲ್ಲಿಯೇ ಒಂದು ಸೂಚಿ ಅಡಕವಾಗಿರುವುದು ನಿಜ. ಅಮೆರಿಕದ ನಿಯಮದಂತೆ ಅದು ಕನಿಷ್ಠ 12 ಗಂಟೆಗಳದಾದರೆ ಸಾಕು; ಮುಂದಿನ ವಾರದ ಏರ್ಪಾಟಿಗೆ ಅದು ಸಾಲದು. ಆದಕಾರಣ ಮಿಥ್‌ಟಿವಿಯ ಬಳಕೆದಾರರು ಝ್ಯಾಪ್‌ಟುಇಟ್ ಲ್ಯಾಬ್ಸ್ ಎಂಬಲ್ಲಿಂದ ಉಚಿತವಾಗಿ ದೊರೆಯುತ್ತಿದ್ದ ಸೂಚಿಯನ್ನು ನಂಬಿಕೊಂಡಿದ್ದರು. 2007ರ ಸೆಪ್ಟೆಂಬರ್ 1ರಂದು ಅದು ನಿಂತುಹೋಯಿತು. ತಂತ್ರಾಂಶದಲ್ಲಿ ಒಂದಕ್ಷರವೂ ಕೆಟ್ಟಿರಲಿಲ್ಲ. ಸೂಚಿಯಿಲ್ಲದೆ ಅದು ಕುರುಡಾಗುವ ಸ್ಥಿತಿ ಬಂದಿತು. ಆಗ ಇಂತಹ ತಂತ್ರಾಂಶಗಳನ್ನು ಬರೆಯುತ್ತಿದ್ದವರೇ ಕೂಡಿ, ಲಾಭದ ಉದ್ದೇಶವಿಲ್ಲದ ಷೆಡ್ಯೂಲ್ಸ್ ಡೈರೆಕ್ಟ್ ಎಂಬ ಸಂಸ್ಥೆಯನ್ನು ಕಟ್ಟಿದರು. ಬಳಕೆದಾರರಿಂದ ಚಂದಾ ಪಡೆದು, ಸೂಚಿಯನ್ನು ಹಣ ಕೊಟ್ಟು ತರಿಸುವ ಏರ್ಪಾಡು ಅದು. 2020ರ ಜನವರಿಯಲ್ಲಿ ಮೈಕ್ರೋಸಾಫ್ಟ್ ತನ್ನ ಮೀಡಿಯಾ ಸೆಂಟರಿನ ಸೂಚಿಯನ್ನು ನಿಲ್ಲಿಸಿದಾಗ, ಅದನ್ನು ಬಿಡಲೊಲ್ಲದ ಬಳಕೆದಾರರಲ್ಲಿ ಹಲವರು ಇದೇ ಸಂಸ್ಥೆಯ ಬಾಗಿಲನ್ನು ತಟ್ಟಿದರು. ಉಚಿತವಾಗಿ ಬರುವುದು ಎಂದಾದರೂ ನಿಲ್ಲಬಹುದು. ನಿಂತಾಗ ಇನ್ನೊಂದು ಕಡೆಯಿಂದ ತಂದು ತುಂಬಲು ತಂತ್ರಾಂಶದಲ್ಲಿ ಎಡೆಯಿರಬೇಕು.

ಮೂರನೆಯದು ಉತ್ತರಾಧಿಕಾರ. ಸೇಜ್‌ಟಿವಿ ಎಂಬ ತಂತ್ರಾಂಶವನ್ನು ಹಣ ಕೊಟ್ಟು ಕೊಂಡು ಮೆಚ್ಚಿದವರು ಬಹಳ ಮಂದಿ. 2011ರಲ್ಲಿ ಗೂಗಲ್ ಆ ಸಂಸ್ಥೆಯನ್ನೇ ಕೊಂಡಿತು. ತಂತ್ರಾಂಶದ ಮಾರಾಟ ನಿಂತಿತು. ನಾಲ್ಕು ವರ್ಷಗಳ ಮೇಲೆ, 2015ರಲ್ಲಿ, ಅದರ ಸೋರ್ಸ್ ಕೋಡ್, ಎಂದರೆ ತಯಾರಕರು ಬರೆದ ಮೂಲ ಬರಹ, ಸಾರ್ವಜನಿಕರಿಗೆ ದೊರೆಯಿತು. ಹವ್ಯಾಸಿಗಳು ಅದಕ್ಕೆ ಮತ್ತೆ ಜೀವ ಕೊಟ್ಟರು. ಇಂತಹ ಪುನರ್ಜನ್ಮ ಎಲ್ಲ ತಂತ್ರಾಂಶಗಳಿಗೂ ಒದಗಿ ಬರುವುದಿಲ್ಲ. ಮೂಲ ಬರಹ ಮೊದಲಿನಿಂದಲೂ ಎಲ್ಲರ ಕೈಯಲ್ಲಿದ್ದರೆ ಯಾರ ಕೃಪೆಗೂ ಕಾಯಬೇಕಾದುದಿಲ್ಲ.

ಇದಕ್ಕೆ ಇದಿರುವಾದವೂ ಉಂಟು, ಮತ್ತು ಅದು ಹುರುಳಿಲ್ಲದ ವಾದವಲ್ಲ. ಮಿಥ್‌ಟಿವಿಯನ್ನು ಅಳವಡಿಸುವುದು ಸುಲಭವಲ್ಲ. ಟ್ಯೂನರಿನ ಹೊಂದಾಣಿಕೆ, ದತ್ತಸಂಗ್ರಹ, ರಿಮೋಟಿನ ಗುಂಡಿಗಳು, ಒಂದೊಂದೂ ಒಂದೊಂದು ಸಂಜೆಯನ್ನು ನುಂಗಬಲ್ಲುದು. ದಿನದ ದುಡಿಮೆ ಮುಗಿಸಿ ಬಂದವರು ವಾರ್ತೆ ನೋಡಲು ಲಿನಕ್ಸ್ ಕಲಿಯಬೇಕೆ ಎಂದು ಕೇಳಿದರೆ, ಬೇಡವೆನ್ನದೆ ಗತ್ಯಂತರವಿಲ್ಲ. ಮೇಲಾಗಿ, ಮುಕ್ತ ತಂತ್ರಾಂಶವು ಎಲ್ಲ ಬೀಗಗಳನ್ನೂ ತೆರೆಯಲಾರದು. ಮನೆಯಲ್ಲಿ ಮುದ್ರಿಸಿ ಆಮೇಲೆ ನೋಡುವುದು ತಪ್ಪಲ್ಲವೆಂದು ಅಮೆರಿಕದ ಸರ್ವೋಚ್ಚ ನ್ಯಾಯಾಲಯವು 1984ರಲ್ಲಿ ಸೋನಿ ಸಂಸ್ಥೆಯ ಮೊಕದ್ದಮೆಯಲ್ಲಿ ತೀರ್ಪಿತ್ತಿತು. ಐವರು ನ್ಯಾಯಮೂರ್ತಿಗಳು ಒಂದು ಕಡೆ, ನಾಲ್ವರು ಇನ್ನೊಂದು ಕಡೆ. ಆದರೆ ನೋಡುವ ಹಕ್ಕನ್ನು ನ್ಯಾಯಾಲಯ ಕೊಟ್ಟರೂ, ಸಂಜ್ಞೆಯನ್ನೇ ಗೂಢಲಿಪಿಯಲ್ಲಿ ಕಳುಹಿಸಿದರೆ ಮಾಡುವುದೇನು? ಅಮೆರಿಕದ ಹೊಸ ಪ್ರಸಾರಕ್ರಮವಾದ ಎಟಿಎಸ್‌ಸಿ 3.0ರಲ್ಲಿ ಹಲವು ನಿಲ್ದಾಣಗಳು ಹೀಗೆಯೇ ಮಾಡತೊಡಗಿವೆ. ಕೀಲಿಕೈ ಇಲ್ಲದ ತಂತ್ರಾಂಶಕ್ಕೆ ಅಲ್ಲಿ ಪ್ರವೇಶವಿಲ್ಲ.

ಈ ಆಕ್ಷೇಪಗಳನ್ನು ಒಪ್ಪಿಕೊಂಡೂ ನಮ್ಮ ಸಲಹೆ ಇಂತಿದೆ: ಮುದ್ರಿಸುವ ಭಾಗವನ್ನೂ ತೋರಿಸುವ ಭಾಗವನ್ನೂ ಬೇರೆಯಾಗಿಡಿರಿ. ಅನೇಕರು ಕೋಡಿ ಎಂಬುದನ್ನು ಮುದ್ರಣದ ತಂತ್ರಾಂಶವೆಂದೇ ಭಾವಿಸುತ್ತಾರೆ. ಎಕ್ಸ್‌ಬಿಎಂಸಿ ಎಂದು ಮೊದಲು ಕರೆಯಿಸಿಕೊಂಡು 2014ರಲ್ಲಿ ಈ ಹೆಸರನ್ನು ತಳೆದ ಕೋಡಿ, ವಾಸ್ತವವಾಗಿ ತೋರಿಸುವ ತಂತ್ರಾಂಶ. ಮುದ್ರಣಕ್ಕೆ ಅದರ ಬೆನ್ನಹಿಂದೆ ಟಿವಿಹೆಡೆಂಡ್, ನೆಕ್ಸ್ಟ್‌ಪಿವಿಆರ್ ಅಥವಾ ಮಿಥ್‌ಟಿವಿಯಂತಹ ಇನ್ನೊಂದು ಬೇಕು. ಒಳಕೋಣೆಯ ಒಂದು ಕಂಪ್ಯೂಟರು ಆಂಟೆನಾವನ್ನೂ ಡಿಸ್ಕನ್ನೂ ನೋಡಿಕೊಳ್ಳಲಿ. ಪಡಸಾಲೆಯ ಟೆಲಿವಿಷನ್ನಿನ ಬಳಿ ಕೋಡಿಯ ಅಂದವಾದ ಮುಖವಿರಲಿ. ಒಬ್ಬರು ಕಷ್ಟಪಟ್ಟು ಹಿಂಬದಿಯನ್ನು ಕಟ್ಟಿದರೆ ಮನೆಮಂದಿಗೆಲ್ಲ ಮುಂಬದಿ ಸುಲಭವಾಗುತ್ತದೆ. ಮುಂದೆಂದಾದರೂ ಮುಂಬದಿ ಬೇಸರವಾದರೆ ಅದೊಂದನ್ನೇ ಬದಲಾಯಿಸಬಹುದು; ಮುದ್ರಿಕೆಗಳಿಗೆ ಕುಂದಿಲ್ಲ.

ನಮ್ಮ ನಾಡಿನ ಮಟ್ಟಿಗೂ ಈ ವಿಚಾರ ದೂರದ್ದಲ್ಲ. ಡಿಟಿಎಚ್ ಪೆಟ್ಟಿಗೆಯಲ್ಲಿ ಮುದ್ರಿಸಿಕೊಂಡುದು ಸಾಮಾನ್ಯವಾಗಿ ಆ ಪೆಟ್ಟಿಗೆಯಲ್ಲಿಯೇ ನಡೆಯುವಂತಹುದು. ದೂರದರ್ಶನದ ಡಿಡಿ ಫ್ರೀ ಡಿಷ್ ಮೂಲಕ ಚಂದನ ವಾಹಿನಿಯೇ ಮೊದಲಾದುವು ಮಾಸಿಕ ಚಂದಾ ಇಲ್ಲದೆ ಬರುತ್ತವೆ. ಗೂಢಲಿಪಿಯಿಲ್ಲದೆ ಬರುವ ವಾಹಿನಿಗಳನ್ನು, ಉಪಗ್ರಹ ಸಂಜ್ಞೆಯ ಟ್ಯೂನರೊಂದನ್ನು ಜೋಡಿಸಿದ ಕಂಪ್ಯೂಟರಿನಲ್ಲಿ ಮುದ್ರಿಸಿಕೊಳ್ಳಲು ಟಿವಿಹೆಡೆಂಡ್ ಸಾಕು. ಕಾಲೇಜಿನ ವಿದ್ಯಾರ್ಥಿಗಳು ನಾಲ್ಕೈದು ಮಂದಿ ಕೂಡಿ ಕೈಹಾಕಬಹುದಾದ ಪ್ರಯೋಗವಿದು. ಅಲೆ, ಆವರ್ತಾಂಕ, ಬಿಟ್ಟುಗಳ ಹರಿವು ಇವೆಲ್ಲ ಪಠ್ಯಪುಸ್ತಕದ ಹಾಳೆಯಿಂದ ಇಳಿದು ಕಣ್ಣೆದುರಿಗೆ ನಿಲ್ಲುತ್ತವೆ.

ಅಂತರ್ಜಾಲದಲ್ಲಿಯೇ ಎಲ್ಲವೂ ದೊರೆಯುವಾಗ ಈ ತೊಂದರೆ ಏತಕ್ಕೆ ಎಂದು ಕೆಲವರು ಕೇಳಬಹುದು. ಅಲ್ಲಿ ಇಂದು ದೊರೆಯುವುದು ನಾಳೆ ತೆಗೆದುಹಾಕಲ್ಪಡಬಹುದೆಂಬುದೇ ನಮ್ಮ ಉತ್ತರ. ಒಂದು ಒಳ್ಳೆಯ ಉಪನ್ಯಾಸವನ್ನೋ ಸಂಗೀತ ಕಚೇರಿಯನ್ನೋ ಉಳಿಸಿಕೊಳ್ಳಬೇಕೆನ್ನುವವರು, ಅದನ್ನು ಮುದ್ರಿಸಿದ ಮರುದಿನವೇ ಕಡತವನ್ನು ಇನ್ನೊಂದು ಕಂಪ್ಯೂಟರಿಗೆ ಒಯ್ದು ತೆರೆದು ನೋಡಲಿ. ಅಲ್ಲಿಯೂ ಚಿತ್ರ ಮೂಡಿದರೆ ತಂತ್ರಾಂಶದ ಆಯ್ಕೆ ಸರಿಯಾಯಿತೆಂದು ತಿಳಿಯಬಹುದು. ಮೂಡದಿದ್ದರೆ, ಅದರ ಮುಖ ಎಷ್ಟೇ ಚೆಲುವಾಗಿರಲಿ, ಬೇರೊಂದನ್ನು ಅರಸುವುದೇ ಲೇಸು.