ದಾಸವಾಳಕ್ಕೆಲ್ಲಿಯ ಕುಲಗೋತ್ರ?

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಗಳ ಮದುವೆ ಮುಂಜಿಗಳಲ್ಲಿ ಹಳೆಯ ವಿದ್ಯಾರ್ಥಿಗಳೂ ನೆಂಟರೂ ಸಿಕ್ಕಾಗ ಮಾತು ನನ್ನ ಹೂಗಿಡಗಳತ್ತ ಹೊರಳುವುದುಂಟು. ಆಗೆಲ್ಲ ಯಾರಾದರೊಬ್ಬರು ಹೇಳಿಯೇ ಹೇಳುತ್ತಾರೆ: “ಮಾಷ್ಟ್ರೇ, ಈ ಮಿಶ್ರತಳಿ ದಾಸವಾಳಗಳೆಲ್ಲ ಕಲಬೆರಕೆ. ದೇವರಿಗೆ ಆಗುವುದಿಲ್ಲ. ನಮ್ಮ ಊರಿನ ಮೂಲ ದಾಸವಾಳವೇ ಶುದ್ಧ.” ಕೇಳಿ ಕೇಳಿ ಸಾಕಾಗಿದೆ. ಇಂದು ಬರೆದೇ ಬಿಡುತ್ತೇನೆ.

ಮೂಲವೆಂದರೆ ಯಾವುದು? ನಮ್ಮ ಬೇಲಿಯ ಐದೆಸಳಿನ ಕೆಂಪು ದಾಸವಾಳಕ್ಕೆ ೧೭೫೩ರಲ್ಲಿ ಲಿನೇಯಸ್ ಇಟ್ಟ ಶಾಸ್ತ್ರೀಯ ನಾಮದ ಅರ್ಥವೇ ಚೀನದ ಗುಲಾಬಿ. ಕಾಡುಗಿಡವಾಗಿ ಅದು ಎಲ್ಲಿಯೂ ಖಚಿತವಾಗಿ ದೊರೆತಿಲ್ಲ. ಪೆಸಿಫಿಕ್ ದ್ವೀಪಗಳ ಪ್ರಭೇದಗಳು ಬೆರೆತು ಹುಟ್ಟಿದ ಪುರಾತನ ಮಿಶ್ರಣವೇ ಅದು ಎಂದು ಇತ್ತೀಚಿನ ವರ್ಷಗಳಲ್ಲಿ ಕೆಲವು ಸಸ್ಯವಿಜ್ಞಾನಿಗಳು ವಾದಿಸುತ್ತಿದ್ದಾರೆ. ಸೀಳುಸೀಳಾದ ಎಸಳುಗಳನ್ನು ಮೇಲಕ್ಕೆ ಮಡಚಿಕೊಂಡು ಜುಮುಕಿಯಂತೆ ತೂಗುವ ಇನ್ನೊಂದು ಹೂವನ್ನು ಅಜ್ಜಿಯ ಕಾಲದ್ದೆಂದು ಮೆರೆಸುತ್ತೇವೆ. ಅದರ ತವರು ಪೂರ್ವ ಆಫ್ರಿಕ. ದೇವಿಗೆ ಪ್ರಿಯವೆಂದು ಏರಿಸುವ ಹಲವು ಎಸಳಿನ ಕೆಂಪು ಹೂವಿನಲ್ಲಿಯಂತೂ ಕೇಸರಗಳೇ ತಮ್ಮ ರೂಪ ಬಿಟ್ಟು ಎಸಳುಗಳಾಗಿವೆ. ವಿಕಾರವೆನ್ನುವುದಾದರೆ ಇದನ್ನೇ ಮೊದಲು ಅನ್ನಬೇಕು. ದೇವಿ ಬೇಡವೆಂದಳೇ?

ಇನ್ನು ಕಲಬೆರಕೆಯ ಮಾತು. ಬಂಟ್ವಾಳ ತಾಲೂಕಿನದೇ ಆದ ವಿಟ್ಲದ ಸಂಶೋಧನಾ ಕೇಂದ್ರದವರು ಹಿರೇಹಳ್ಳಿ ಗಿಡ್ಡ ಅಡಿಕೆಯನ್ನು ಸುಮಂಗಳ, ಮೋಹಿತ್‌ನಗರ ತಳಿಗಳೊಡನೆ ಕೂಡಿಸಿ ಹೊಸ ತಳಿಗಳನ್ನು ಪಡೆದಿದ್ದಾರೆ. ಆ ಸಸಿ ಎಲ್ಲಿ ಸಿಕ್ಕೀತೆಂದು ನನ್ನನ್ನು ವಿಚಾರಿಸುವವರು ಇದೇ ಶುದ್ಧವಾದಿಗಳು! ಹಣ ತರುವ ಮಿಶ್ರಣ ವಿಜ್ಞಾನ, ಬರಿದೆ ಅರಳುವ ಮಿಶ್ರಣ ಮೈಲಿಗೆ.

ಸಂಕರವೆಂದರೆ ಅಂಥ ಮಾಯವೇನೂ ಅಲ್ಲ. ಬೆಳಗ್ಗೆ ಅರಳಿದ ಹೂವಿನ ನಡುದಂಡದ ತುದಿಯಲ್ಲಿ ಐದು ಪುಟ್ಟ ಬೊಟ್ಟುಗಳಿರುತ್ತವೆ. ಬೇರೊಂದು ಗಿಡದ ಪರಾಗವನ್ನು ಅವಕ್ಕೆ ಸವರಿ, ಗುರುತಿಗೊಂದು ನೂಲು ಕಟ್ಟಬೇಕು, ಅಷ್ಟೆ. ಹೂವು ಉದುರಿ ಕಾಯಿ ನಿಂತರೆ ಸುಮಾರು ಎರಡು ತಿಂಗಳಲ್ಲಿ ಬಲಿಯುತ್ತದೆ. ಬೀಜದ ಗಿಡ ಹೂಬಿಡಲು ಮತ್ತೊಂದು ವರ್ಷ, ಕೆಲವೊಮ್ಮೆ ಎರಡು. ಒಂದೇ ಕಾಯಿಯ ಮಕ್ಕಳಲ್ಲಿ ಒಂದರಂತೆ ಇನ್ನೊಂದಿರುವುದಿಲ್ಲ (ತರಗತಿಯಲ್ಲಿ ನಿಮ್ಮನ್ನು ಕಂಡವನಿಗೆ ಇದೇನು ಹೊಸತಲ್ಲ). ನನ್ನ ಅಂಗಳದಲ್ಲಿ ಹೆಚ್ಚಿನವು ಮಾಸಲು ಬಣ್ಣದವಾದವು. ಒಂದು ಮಾತ್ರ ದಂಡದ ತುದಿಯಲ್ಲಿ ಎಸಳಿನ ಕುಚ್ಚು ಹೊತ್ತು, ಹೂವಿನ ಮೇಲೆ ಹೂವು ಅರಳಿದಂತೆ ನಿಂತಿತು. ಸಂಜೆಗೆ ಬಾಡಿತು. ಆ ಒಂದು ಹಗಲಿಗಾಗಿ ಎರಡು ವರ್ಷ ಕಾದದ್ದಕ್ಕೆ ನನಗೆ ಬೇಸರವಿಲ್ಲ.

ಬೆಂಗಳೂರಿನ ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯವರು ಇದೇ ತಾಳ್ಮೆಯಿಂದ ‘ಚಿತ್ರಲೇಖಾ’, ‘ಟ್ರೈಬಲ್ ಕ್ವೀನ್’ ಮುಂತಾದ ದಾಸವಾಳಗಳನ್ನು ಸೃಷ್ಟಿಸಿದರು. ನಾನು ಹೋದ ನರ್ಸರಿಗಳಲ್ಲಿ ಎಲ್ಲಕ್ಕೂ ‘ಹೈಬ್ರಿಡ್’ ಎಂಬ ಒಂದೇ ಹೆಸರು.

ನನಗೆ ನಿಜವಾಗಿ ಸಿಟ್ಟು ಬರುವುದು ಬೇರೊಂದು ಕಾರಣಕ್ಕೆ. ಬಂಟ್ವಾಳದಿಂದ ಸಿದ್ದಕಟ್ಟೆಯ ಮೇಲಾಗಿ ಮೂಡುಬಿದಿರೆಗೆ ಹೋಗುವಾಗ ನೋಡಿ: ದಾಸವಾಳದ ಬೇಲಿಯಿದ್ದಲ್ಲಿ ಪಾಗಾರ ಎದ್ದಿದೆ, ಅಂಗಳಕ್ಕೆ ಇಂಟರ್‌ಲಾಕ್ ಬಂದಿದೆ. ಹಾಗೆ ಕಟ್ಟಿಸಿದವರಲ್ಲಿ ‘ಮೂಲ ದಾಸವಾಳ’ದ ಭಕ್ತರೂ ಇದ್ದಾರೆ. ನಮ್ಮ ಊರ ಕೆಂಪು ದಾಸವಾಳ ಸಾಮಾನ್ಯವಾಗಿ ಕಾಯಿ ಕಟ್ಟುವುದೇ ಇಲ್ಲ. ಅದು ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಕಡ್ಡಿಯಾಗಿಯೇ ಸಾಗಿ ಬಂದ ಗಿಡ. ಒಂದು ಮನೆತನದ ಹಿತ್ತಿಲಲ್ಲಿ ಮಾತ್ರ ಉಳಿದ ವಿಶೇಷ ರೂಪವೊಂದರ ಬುಡವನ್ನು ಜೆಸಿಬಿ ಮಗುಚಿ ಹಾಕಿದರೆ ಮಣ್ಣಿನಲ್ಲಿ ಮೊಳೆಯಲು ಬೀಜವೂ ಇರುವುದಿಲ್ಲ. ಸಂಕರ ಮಾಡುವವನು ಹಾಗೆ ಕೀಳಲಾರ. ಪರಾಗಕ್ಕೂ, ಕಸಿಯ ಬುಡಕ್ಕೂ ಅವನಿಗೆ ಹಳೆಯ ಗಿಡ ಬೇಕು. ಶುದ್ಧವಾದಿಗೆ ಬೇಕಾದದ್ದು ಮಾತು ಮಾತ್ರ.

ನಿಮ್ಮ ತರವಾಡು ಮನೆಗಳ ಹಿತ್ತಿಲಲ್ಲಿ ವಿಚಿತ್ರ ಎಸಳಿನ ದಾಸವಾಳವಿದ್ದರೆ ಈ ಆಟಿಯ ಮಳೆಯಲ್ಲಿ ಪೆನ್ಸಿಲ್ ದಪ್ಪದ ಗೇಣುದ್ದದ ಕಡ್ಡಿ ಎರಡು ಕಡಿದು ನನಗೆ ತಂದುಕೊಡಿ. ಬದಲಿಗೆ ಕುಚ್ಚಿನ ದಾಸವಾಳದ ಕಡ್ಡಿ ಕೊಡುತ್ತೇನೆ. ದೇವರ ಕೋಣೆಗೆ ಒಯ್ಯುವುದೂ ಬಿಡುವುದೂ ನಿಮಗೆ ಬಿಟ್ಟದ್ದು.